ಹೆರಿಗೆಯಲ್ಲಿ ನೊಂದ ಕೈ: ಚಿಕಿತ್ಸೆಯ ವಾಯಿದೆ ಮತ್ತು ಹಣದ ದಾರಿ

ಹೆರಿಗೆಯ ಹೊತ್ತಿನಲ್ಲಿ ಕೂಸಿನ ಒಂದು ತೋಳಿಗೆ ಪೆಟ್ಟಾಗಿ, ಆ ಕೈ ಸೋತು ಜೋತುಬೀಳುವುದುಂಟು. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಹೀಗಾಗುತ್ತದೆಂದು ವೈದ್ಯರ ಅಂದಾಜು. ಆಗ ಮನೆಯವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ 'ಎಷ್ಟು ಖರ್ಚಾದೀತು?' ಎಂಬುದು. ನಮ್ಮ ವಾಚನಾಲಯಕ್ಕೆ ಬರುವವರು ಪಗಾರದ ಮೇಲೆ ಬದುಕುವವರು. ಆ ಪ್ರಶ್ನೆ ಸಹಜವೇ. ಆದರೆ ಈ ಕಾಯಿಲೆಯಲ್ಲಿ ಹಣಕ್ಕಿಂತ ಮೊದಲು ಕೇಳಬೇಕಾದುದು 'ಎಷ್ಟು ದಿನ ಉಳಿದಿದೆ?' ಎಂದು. ಹಣ ಕೂಡಿಸುವ ಕೆಲಸವನ್ನು ಆ ದಿನಗಳ ಲೆಕ್ಕಕ್ಕೆ ಹೊಂದಿಸಿಕೊಳ್ಳುವುದು ಹೇಗೆಂದು ಈ ಪಾಠದಲ್ಲಿ ವಿಚಾರಿಸೋಣ.

ಕುತ್ತಿಗೆಯ ಬೆನ್ನುಹುರಿಯಿಂದ ಒಂದೊಂದು ಪಕ್ಕಕ್ಕೂ ಐದೈದು ನರಬೇರುಗಳು ಹೊರಟು, ಕತ್ತಿನ ಬುಡದಲ್ಲಿ ಜಡೆಯಂತೆ ಹೆಣೆದುಕೊಂಡು, ಕಾಲರ್ ಎಲುಬಿನ ಅಡಿಯಿಂದ ತೋಳಿಗೆ ಇಳಿಯುತ್ತವೆ. ಭುಜ ಎತ್ತುವುದು, ಮೊಣಕೈ ಮಡಿಸುವುದು, ಬೆರಳು ಮುಚ್ಚುವುದು ಎಲ್ಲವೂ ಈ ನರಗಳ ಅಪ್ಪಣೆಯಿಂದ ನಡೆಯುವ ಕೆಲಸಗಳು. ಮಗುವಿನ ತಲೆ ಹೊರಬಂದ ಮೇಲೆ ಭುಜವು ತಾಯಿಯ ಸೊಂಟದ ಮುಂದಣ ಎಲುಬಿಗೆ ಸಿಕ್ಕಿಕೊಂಡರೆ ಕತ್ತು ಎಳೆದಂತಾಗಿ ನರಗಳು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ, ಬೆನ್ನುಹುರಿಯಿಂದಲೇ ಬೇರುಸಹಿತ ಕಿತ್ತುಬರುವುದೂ ಉಂಟು. ಮಗು ತೀರ ದಪ್ಪವಾಗಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ, ಇಕ್ಕಳ ಹಾಕಿ ತೆಗೆಯಬೇಕಾಗಿ ಬಂದರೆ, ಕಾಲು ಮುಂದಾಗಿ ಹುಟ್ಟಿದರೆ ಈ ಅಪಾಯ ಹೆಚ್ಚು. ಭುಜ ಸಿಕ್ಕಿಕೊಂಡ ಗಳಿಗೆಯಲ್ಲಿ ಕೆಲವೇ ನಿಮಿಷಗಳೊಳಗೆ ಮಗುವನ್ನು ಹೊರತೆಗೆಯದಿದ್ದರೆ ಉಸಿರಿಗೇ ಕುತ್ತು. ಆದುದರಿಂದ ಪೆಟ್ಟಾದಲ್ಲೆಲ್ಲ ಯಾರದೋ ತಪ್ಪೆಂದು ತೀರ್ಮಾನಿಸಿ ಜಗಳಕ್ಕೆ ನಿಲ್ಲುವುದು ಸರಿಯಲ್ಲ. ಹೆರಿಗೆಯ ಕಾಗದಪತ್ರಗಳ ನಕಲನ್ನು ಮಾತ್ರ ಬರಹದಲ್ಲಿ ಕೇಳಿ ಪಡೆದಿಟ್ಟುಕೊಳ್ಳತಕ್ಕದ್ದು. ಕೇಳಿದ ೭೨ ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ನಡತೆಯನ್ನು ಕುರಿತ ೨೦೦೨ರ ನಿಯಮಗಳಲ್ಲಿದೆ. ಮುಂದೆ ನೋಡುವ ವೈದ್ಯರಿಗೆ ಈ ಕಾಗದಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಮೇಲಿನ ನರಗಳಿಗೆ ಮಾತ್ರ ಪೆಟ್ಟಾಗಿದ್ದರೆ ತೋಳು ಮೈಗಂಟಿ, ಒಳಕ್ಕೆ ತಿರುಗಿ, ಮೊಣಕೈ ನೆಟ್ಟಗಾಗಿ, ಅಂಗೈ ಹಿಂದಕ್ಕೆ ಮಡಿಚಿರುತ್ತದೆ. ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ಈ ಭಂಗಿಗೆ 'ವೇಟರನ ಟಿಪ್ಸ್' ಎಂದು ಹೆಸರು. ಹೋಟೆಲಿನ ಮಾಣಿ ಯಾರಿಗೂ ಕಾಣದಂತೆ ಬೆನ್ನ ಹಿಂದೆ ಕೈಚಾಚಿ ಚಿಲ್ಲರೆ ಪಡೆಯುವಂತೆ ಕಾಣುತ್ತದೆಂಬ ಅರ್ಥ. ಮಾಣಿಗಳಾಗಿಯೇ ಈ ಊರಿಗೆ ಬಂದು ರಾತ್ರಿಶಾಲೆಯಲ್ಲಿ ಓದಿದವರು ನಮ್ಮ ಓದುಗರಲ್ಲಿ ಕಡಿಮೆಯಿಲ್ಲ. ಹೆಸರಿಟ್ಟವನು ನಮ್ಮ ಹೋಟೆಲುಗಳಲ್ಲಿ ಊಟ ಮಾಡಿದವನಲ್ಲವೆಂದು ತೋರುತ್ತದೆ! ಅದು ಹೇಗೂ ಇರಲಿ, ಗುರುತಿಸಲು ಭಂಗಿ ನೆನಪಿನಲ್ಲಿದ್ದರೆ ಸಾಕು.

ಕಾಯಿಲೆ ಹೊಸದಲ್ಲ. ಸ್ಮೆಲ್ಲಿ ಎಂಬ ಬ್ರಿಟಿಷ್ ವೈದ್ಯ ೧೭೬೪ರಲ್ಲಿಯೇ ಇದನ್ನು ಬರೆದಿಟ್ಟಿದ್ದಾನೆ. ೧೮೭೪ರಲ್ಲಿ ವಿವರಿಸಿದ ಜರ್ಮನಿಯ ಎರ್ಬನ ಹೆಸರಿನಿಂದ ಈಗಲೂ ಕರೆಯುತ್ತಾರೆ. ಹಣವೊಂದೇ ಸಾಲದೆಂಬುದಕ್ಕೆ ಅದೇ ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮನೇ ಸಾಕ್ಷಿ. ೧೮೫೯ರ ಜನವರಿ ೨೭ರಂದು ಕಷ್ಟದ ಹೆರಿಗೆಯಲ್ಲಿ ಹುಟ್ಟಿದ ಈತ ವಿಕ್ಟೋರಿಯಾ ರಾಣಿಯ ಮೊದಲ ಮೊಮ್ಮಗ. ಎಡಗೈ ಸೋತಿತ್ತು. ರಾಜವೈದ್ಯರು ಆಗತಾನೆ ಕೊಂದ ಮೊಲದ ಬಿಸಿ ದೇಹದೊಳಗೆ ಆ ಕೈಯನ್ನು ಇಡಿಸಿದರು, ವಿದ್ಯುತ್ತು ಹಾಯಿಸಿದರು. ಫಲವಿಲ್ಲ. ದೊಡ್ಡವನಾದ ಮೇಲೆ ಆತನ ಎಡಗೈ ಬಲಗೈಗಿಂತ ಸುಮಾರು ಆರು ಅಂಗುಲ ಗಿಡ್ಡವಾಗಿತ್ತು. ಚಿತ್ರ ತೆಗೆಸುವಾಗ ಕೈಗವಸನ್ನೋ ಕತ್ತಿಯ ಹಿಡಿಯನ್ನೋ ಹಿಡಿದು ಮರೆಮಾಡುತ್ತಿದ್ದ. ಅರಮನೆಯ ಬೊಕ್ಕಸಕ್ಕೆ ಅಂದು ಸಿಗದ ವಿದ್ಯೆ ಇಂದು ಪರೇಲಿನ ಆಸ್ಪತ್ರೆಯ ಓಣಿಯಲ್ಲಿ ಕೇಳಿದರೆ ಸಿಗುತ್ತದೆ. ೧೯೦೩ರಲ್ಲಿ ಗ್ಲಾಸ್ಗೋದ ಕೆನಡಿ ಹರಿದ ನರಗಳನ್ನು ಹೊಲಿದ ವರದಿ ಕೊಟ್ಟ. ಸೂಕ್ಷ್ಮದರ್ಶಕದ ಸಹಾಯದಿಂದ ನರ ಕಸಿಮಾಡುವ ಕ್ರಮವನ್ನು ೧೯೭೦ರ ದಶಕದ ಕೊನೆಗೆ ಪ್ಯಾರಿಸಿನ ಗಿಲ್ಬೇರ್ ರೂಢಿಗೆ ತಂದ ಮೇಲೆ ಈ ಶಸ್ತ್ರಕ್ರಿಯೆ ನಂಬಬಹುದಾದ ಚಿಕಿತ್ಸೆಯಾಯಿತು.

ಈಗ ದಿನಗಳ ಲೆಕ್ಕ. ಮೊದಲು ಎಕ್ಸ್-ರೇ ತೆಗೆಸಿ ಎಲುಬು ಮುರಿದಿದೆಯೇ ನೋಡಬೇಕು. ಕಾಲರ್ ಎಲುಬು ಮುರಿದರೂ ಕೂಸು ಕೈ ಅಲ್ಲಾಡಿಸುವುದಿಲ್ಲ. ಆದರೆ ಅದು ಎರಡು ಮೂರು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ನರದ ಪೆಟ್ಟಾಗಿದ್ದರೆ ಮೊದಲ ವಾರಗಳಲ್ಲಿ ಕೈಯನ್ನು ಎಳೆಯದೆ ಮೆತ್ತಗೆ ನೋಡಿಕೊಂಡು, ಆಮೇಲೆ ಫಿಸಿಯೋಥೆರಪಿಯವರು ತೋರಿಸಿಕೊಟ್ಟಂತೆ ದಿನಕ್ಕೆ ಹಲವು ಸಲ ಕೀಲುಗಳನ್ನು ಆಡಿಸಬೇಕು. ಬಟ್ಟೆ ಬದಲಿಸುವಾಗಲೆಲ್ಲ ಮಾಡಿದರೆ ಮರೆಯುವ ಭಯವಿಲ್ಲ. ಅಜ್ಜಿಯಂದಿರು ಎಣ್ಣೆ ಹಚ್ಚಿ ತೋಳು ಎಳೆದು ನೀವುವುದನ್ನು ನಯವಾಗಿ ತಡೆಯಬೇಕು. ಕೈ ಹಿಡಿದು ಮಗುವನ್ನು ಮೇಲೆತ್ತಲೇಬಾರದು. ಈ ಹಂತಕ್ಕೆ ಖರ್ಚು ಇಲ್ಲವೆಂಬಷ್ಟು ಕಡಿಮೆ. ಬಹುಪಾಲು ಮಕ್ಕಳು ಇಷ್ಟರಲ್ಲಿಯೇ ಚೇತರಿಸಿಕೊಳ್ಳುತ್ತಾರೆ.

ಚೇತರಿಸಿಕೊಳ್ಳದವರ ಮಾತು ಬೇರೆ. ಮೂರು ತಿಂಗಳು ತುಂಬುವಾಗ ಮಗು ಮೊಣಕೈ ಮಡಿಸಿ ಕೈಯನ್ನು ಮೇಲಕ್ಕೆ ತರುತ್ತಿದೆಯೇ ಎಂಬುದನ್ನು ವೈದ್ಯರು ಪರೀಕ್ಷಿಸುತ್ತಾರೆ. ತಾರದಿದ್ದರೆ ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಬೆರಳುಗಳೂ ಅಲ್ಲಾಡದೆ, ಅದೇ ಪಕ್ಕದ ಕಣ್ಣೆವೆ ಜೋತಿದ್ದರೆ ಪೆಟ್ಟು ಬಲವಾದದ್ದು, ಕಾಯುವಂತಿಲ್ಲ. ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳೊಳಗೆ ಈ ಶಸ್ತ್ರಕ್ರಿಯೆ ಮಾಡುತ್ತಾರೆ. ಮೀನಖಂಡದ ಹಿಂದಿನಿಂದ, ಸ್ಪರ್ಶಜ್ಞಾನ ಮಾತ್ರ ಕೊಡುವ ಒಂದು ನರವನ್ನು ತೆಗೆದು ಹರಿದ ಕಡೆ ಸೇತುವೆಯಂತೆ ಕಸಿಮಾಡುತ್ತಾರೆ. ಪಾದದ ಹೊರಅಂಚಿನಲ್ಲಿ ಒಂದಿಷ್ಟು ಜೋಮು ಉಳಿಯುವುದು ಬಿಟ್ಟರೆ ಕಾಲಿಗೆ ತೊಂದರೆಯಿಲ್ಲ. ಆ ಸೇತುವೆಯ ಮೇಲೆ ಹೊಸ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ, ಅಂದರೆ ತಿಂಗಳಿಗೆ ಒಂದು ಅಂಗುಲದಷ್ಟು ಬೆಳೆದು ಹೋಗಬೇಕು. ಕತ್ತಿನಿಂದ ರಟ್ಟೆಗೆ ತಲಪಲು ಎಷ್ಟು ತಿಂಗಳು ಬೇಕೆಂದು ಓದುಗರೇ ಗುಣಿಸಿ ನೋಡಬಹುದು. ಇತ್ತ ನರದ ಸಂಪರ್ಕವಿಲ್ಲದ ಸ್ನಾಯು ವರ್ಷ, ಒಂದೂವರೆ ವರ್ಷ ಕಳೆದರೆ ಬತ್ತಿಹೋಗುತ್ತದೆ. ಆಮೇಲೆ ನರ ಬಂದು ಮುಟ್ಟಿದರೂ ಕೆಲಸಕ್ಕೆ ಬಾರದು. ವಾಯಿದೆ ಇರುವುದು ಇಲ್ಲಿ.

ಈ ವಾಯಿದೆ ಎರಡು ರೀತಿಯಿಂದ ತಪ್ಪುವುದನ್ನು ಕಾಣುತ್ತೇವೆ. ಒಂದು, ಹುಟ್ಟಿದ ಎರಡನೆಯ ವಾರದಲ್ಲಿಯೇ ಗಾಬರಿಯಿಂದ ಶಸ್ತ್ರಕ್ರಿಯೆಗೆಂದು ಹಣ ಎತ್ತತೊಡಗುವುದು. ಎರಡು ತಿಂಗಳಲ್ಲಿ ಕೈ ತಾನೇ ಸರಿಹೋದರೆ ಕೊಟ್ಟವರಿಗೆ ಉತ್ತರ ಹೇಳುವುದು ಕಷ್ಟ. ಸರಿಹೋಗದಿದ್ದರೆ ಬೇಕಾದ ಹೊತ್ತಿಗೆ ಮತ್ತೊಮ್ಮೆ ಕೇಳುವ ಮುಖವಿರುವುದಿಲ್ಲ. ಇನ್ನೊಂದು ಇದಕ್ಕಿಂತ ದೊಡ್ಡ ಕೇಡು: ಮುಚ್ಚಿಡುವುದು. ಬಾಣಂತನಕ್ಕೆ ಊರಿಗೆ ಹೋದ ತಾಯಿ ಅಲ್ಲಿಯೇ ಐದಾರು ತಿಂಗಳು ನಿಲ್ಲುತ್ತಾಳೆ. ಇಲ್ಲಿ ಅಂಧೇರಿಯಲ್ಲೋ ಡೊಂಬಿವಲಿಯಲ್ಲೋ ಖೋಲಿ ಹಂಚಿಕೊಂಡಿರುವ ತಂದೆ ಜತೆಗಾರರಿಗೂ ಹೇಳುವುದಿಲ್ಲ. ಬಿಳಿಯ ಅಂಗಿಯ ಗುಮಾಸ್ತನಿಗೆ ಈ ಸಂಕೋಚ ಕೂಲಿಯವನಿಗಿಂತ ಹೆಚ್ಚು. ಕೇಳಿದರೆ ಮರ್ಯಾದೆ ಹೋದೀತೆಂದು ಹತ್ತು ತಿಂಗಳು ಕಾದವನ ಮಗುವಿಗೆ ಆಮೇಲೆ ಕೇಳಿದ ಹಣವೆಲ್ಲ ಬಂದರೂ ಮೊದಲಿನ ಶಸ್ತ್ರಕ್ರಿಯೆ ಸಿಗುವುದಿಲ್ಲ. ಆದ್ದರಿಂದ ಮೊದಲ ತಿಂಗಳಿನಲ್ಲಿಯೇ ತಜ್ಞರಿಗೆ ತೋರಿಸಬೇಕು; ಮೊದಲ ಮೂರು ತಿಂಗಳನ್ನು ವಂತಿಗೆಗೆ ಬಳಸದೆ ಕಾಗದಪತ್ರಗಳಿಗೆ ಬಳಸಬೇಕು. ನಮ್ಮ ಪಾಠದ ತಿರುಳು ಇಷ್ಟೇ.

ಯಾವ ಕಾಗದಗಳು? ಜನನವನ್ನು ೨೧ ದಿನಗಳೊಳಗೆ ನೋಂದಾಯಿಸಬೇಕು, ಹೆಸರಿಡದಿದ್ದರೂ ನಡೆಯುತ್ತದೆ. ಆ ದಾಖಲೆಯಿಂದ ಮಗುವಿನ ಆಧಾರ್, ಆಮೇಲೆ ರೇಶನ್ ಕಾರ್ಡಿನಲ್ಲಿ ಮಗುವಿನ ಹೆಸರು. ತಹಶೀಲದಾರರ ಕಚೇರಿಯಿಂದ ವಾರ್ಷಿಕ ಆದಾಯದ ದಾಖಲೆ. ಇ.ಎಸ್.ಐ. ಕಾರ್ಡುಳ್ಳವರು ಕುಟುಂಬದ ಪಟ್ಟಿಗೆ ಮಗುವನ್ನು ಸೇರಿಸಬೇಕು. ತಿಂಗಳಿಗೆ ೨೧,೦೦೦ ರೂಪಾಯಿಯವರೆಗೆ ಸಂಬಳವುಳ್ಳವರಿಗೆ ಈ ವಿಮೆ ಎಂದು ೨೦೧೭ರಲ್ಲಿ ಗೊತ್ತುಮಾಡಿದ್ದರು. ಪಗಾರದಿಂದ ಪ್ರತಿ ತಿಂಗಳೂ ಹಣ ಕಡಿತವಾಗುತ್ತಿದ್ದರೂ ಅದು ಹೆಂಡತಿ ಮಕ್ಕಳಿಗೂ ಸಲ್ಲುತ್ತದೆಂಬುದನ್ನು ತಿಳಿಯದವರು ಬಹಳ.

ಮಹಾರಾಷ್ಟ್ರ ಸರಕಾರವು ೨೦೧೨ರಲ್ಲಿ ಬೇರೊಂದು ಹೆಸರಿನಿಂದ ಆರಂಭಿಸಿ ೨೦೧೭ರಿಂದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎಂದು ಕರೆಯುತ್ತಿರುವ ಯೋಜನೆಯಲ್ಲಿ ಕುಟುಂಬವೊಂದಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ೨೦೨೪ರಿಂದ ಕೊಡುತ್ತಿದ್ದಾರೆ. ಮೊದಲು ಹಳದಿ, ಕೇಸರಿ ಕಾರ್ಡಿನವರಿಗೆ ಮಾತ್ರವಿದ್ದುದನ್ನು ಬಿಳಿಯ ಕಾರ್ಡಿನವರಿಗೂ ವಿಸ್ತರಿಸಿದ್ದಾರೆ. ಪಟ್ಟಿಯಲ್ಲಿರುವ ಪ್ರತಿ ಆಸ್ಪತ್ರೆಯಲ್ಲಿಯೂ 'ಆರೋಗ್ಯಮಿತ್ರ' ಎಂಬವರ ಮೇಜು ಇರುತ್ತದೆ. ವೈದ್ಯರು ಬರೆದುಕೊಟ್ಟ ಶಸ್ತ್ರಕ್ರಿಯೆಯ ಹೆಸರನ್ನು ಅವರಿಗೆ ತೋರಿಸಿ, ಅದು ಯೋಜನೆಯ ಪಟ್ಟಿಯಲ್ಲಿದೆಯೇ, ಈ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಕೇಳಬೇಕು. ಕಾರ್ಡು ಇನ್ನೂ ಊರಿನಲ್ಲಿಯೇ ಉಳಿದಿದ್ದರೆ? ನಮ್ಮವರಲ್ಲಿ ಅನೇಕರ ಕಥೆ ಇದೇ. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯ ಕಾರ್ಡು ಒಂದು ರಾಜ್ಯದ್ದು ಇನ್ನೊಂದು ರಾಜ್ಯದ ಪಟ್ಟಿಯ ಆಸ್ಪತ್ರೆಯಲ್ಲಿ ನಡೆಯುವಂತೆ ಏರ್ಪಾಡಾಗಿದೆ. ಊರ ಕಾರ್ಡು ಆ ವರ್ಗದ್ದೇ ಎಂದು ೧೪೫೫೫ಕ್ಕೆ ಫೋನು ಮಾಡಿ ವಿಚಾರಿಸಬಹುದು.

ಪರೇಲಿನ ಕೆ.ಇ.ಎಂ., ಶೀವ್‌ನ ಲೋಕಮಾನ್ಯ ತಿಲಕ, ಮುಂಬಯಿ ಸೆಂಟ್ರಲ್ಲಿನ ನಾಯರ್ ಇವು ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು, ಭಾಯಖಳದ ಜೆ.ಜೆ. ಸರಕಾರದ್ದು. ನಾಲ್ಕರಲ್ಲಿಯೂ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ನರದ ಕಸಿಯ ಕೆಲಸ ಸಾಮಾನ್ಯವಾಗಿ ಆ ವಿಭಾಗದವರದು. ಹೆಸರು ಕೇಳಿ ಸುಂದರಿಯರ ಮೂಗು ತಿದ್ದುವ ಜಾಗವೆಂದು ಹಿಂದೆಗೆಯಬಾರದು. ಕೆ.ಇ.ಎಂ.ನ ಪಕ್ಕದಲ್ಲಿಯೇ ೧೯೨೯ರಿಂದ ಮಕ್ಕಳಿಗೆಂದೇ ಇರುವ ವಾಡಿಯಾ ಆಸ್ಪತ್ರೆಯಿದೆ. ೨೦೧೧ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಶಿಶುವಿಗೆ ಔಷಧ, ತಪಾಸಣೆ ಉಚಿತ. ಮೊದಲು ೩೦ ದಿನಗಳವರೆಗಿದ್ದ ಈ ಸೌಲಭ್ಯವನ್ನು ಆಮೇಲೆ ಒಂದು ವರ್ಷದವರೆಗೆ ಹೆಚ್ಚಿಸಿದರು. ಕ್ಯೂ ಉದ್ದವಿರುತ್ತದೆ, ನಿಜ. ಆದ್ದರಿಂದಲೇ ಮೊದಲ ತಿಂಗಳಲ್ಲಿ ಹೆಸರು ಬರೆಸಬೇಕೆನ್ನುವುದು.

ಗಾಜಿನ ಬಾಗಿಲಿನ ಆಸ್ಪತ್ರೆಗಳ ವಿಷಯ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಜಸಲೋಕ, ಲೀಲಾವತಿ, ಹಿಂದುಜಾ, ಬಾಂಬೇ ಹಾಸ್ಪಿಟಲ್ ಮುಂತಾದವು ೧೯೫೦ರ ಸಾರ್ವಜನಿಕ ನ್ಯಾಸಗಳ ಕಾಯಿದೆಯಂತೆ ಧರ್ಮಾದಾಯ ಸಂಸ್ಥೆಗಳು. ಮುಂಬಯಿ ಉಚ್ಚ ನ್ಯಾಯಾಲಯ ೨೦೦೬ರಲ್ಲಿ ಮಂಜೂರು ಮಾಡಿದ ಯೋಜನೆಯ ಪ್ರಕಾರ ಇಂಥ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿಯೂ ಇನ್ನು ಹತ್ತನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಕೊಡಬೇಕು. ತಮ್ಮ ಬಿಲ್ಲಿನ ನೂರಕ್ಕೆರಡು ಪಾಲನ್ನು ಇದಕ್ಕಾಗಿಯೇ ಬೇರೆ ನಿಧಿಯಲ್ಲಿಡಬೇಕು. ಆದಾಯದ ಮಿತಿಯನ್ನು ಆಗಾಗ ಏರಿಸುತ್ತ ಬಂದಿದ್ದಾರೆ. ಕುಟುಂಬದ ವಾರ್ಷಿಕ ಆದಾಯ ೧,೮೦,೦೦೦ದವರೆಗೆ ಮೊದಲ ವರ್ಗ, ೩,೬೦,೦೦೦ದವರೆಗೆ ಎರಡನೆಯದು ಎಂಬ ಮಟ್ಟಕ್ಕೆ ಬಂದಿದೆ. ಎಂದರೆ ಹೋಟೆಲಿನ ಕೆಲಸಗಾರ ಮಾತ್ರವಲ್ಲ, ಚಿಕ್ಕ ಪೇಢಿಯ ಗುಮಾಸ್ತನೂ ಇದರೊಳಗೆ ಬರುತ್ತಾನೆ. ಆಸ್ಪತ್ರೆಯ ಸಮಾಜಸೇವಕರನ್ನು ಕಂಡು, ದಾಖಲಾಗುವ ಮೊದಲೇ ಆದಾಯದ ದಾಖಲೆ, ರೇಶನ್ ಕಾರ್ಡು ಕೊಡಬೇಕು. ಸ್ಥಳವಿದ್ದೂ ನಿರಾಕರಿಸಿದರೆ ವರ್ಳಿಯಲ್ಲಿ ಧರ್ಮಾದಾಯ ಆಯುಕ್ತರ ಕಚೇರಿಯಿದೆ.

ಇಷ್ಟಾದ ಮೇಲೆ ಎಷ್ಟು ಹಣ ಬೇಕೆಂಬ ಪ್ರಶ್ನೆಗೆ ಅರ್ಥ ಬರುತ್ತದೆ. ಒಂದು ಮಾದರಿ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಪಾಠಕ್ಕಾಗಿ ಇಟ್ಟುಕೊಂಡವು. ತಿಂಗಳಿಗೆ ೨೨,೦೦೦ ಪಗಾರದ ಒಬ್ಬನಿಗೆ ಆಸ್ಪತ್ರೆ ಮೊದಲು ಹೇಳಿದ ಅಂದಾಜು ೨,೪೦,೦೦೦. ರಿಯಾಯಿತಿ ಕಳೆದು ಉಳಿದದ್ದು ೯೦,೦೦೦. ಇದಕ್ಕೆ ಯಾರೂ ಬರೆದುಕೊಳ್ಳದ ಖರ್ಚನ್ನು ಕೂಡಿಸಬೇಕು: ಒಂದು ತಿಂಗಳ ಖಾಡೆ ೨೨,೦೦೦, ಶಸ್ತ್ರಕ್ರಿಯೆಯ ನಂತರ ವಾರಕ್ಕೆರಡರಂತೆ ವರ್ಷವಿಡೀ ಫಿಸಿಯೋಥೆರಪಿಗೆ ಓಡಾಟ, ನೂರು ಸಲಕ್ಕೆ ನೂರೈವತ್ತರಂತೆ ೧೫,೦೦೦, ಕೈಗೆ ಕಟ್ಟುವ ಪಟ್ಟಿ ೫,೦೦೦, ಆಸ್ಪತ್ರೆಯ ದಿನಗಳ ಊಟತಿಂಡಿ ೬,೦೦೦. ಒಟ್ಟು ೧,೩೮,೦೦೦. ಪಿ.ಎಫ್. ಮುಂಗಡ ೩೦,೦೦೦, ಕೈಯಲ್ಲಿದ್ದ ಉಳಿತಾಯ ೧೫,೦೦೦, ದೇವಸ್ಥಾನದ ನ್ಯಾಸವೊಂದರ ಸಹಾಯ ೨೫,೦೦೦ ಕಳೆದರೆ ೬೮,೦೦೦ ಉಳಿಯುತ್ತದೆ. ತಲೆಗೆ ಐನೂರರಂತೆ ೧೩೬ ಮಂದಿ. ಒಂದು ಚಾಳು, ಒಂದು ಹೋಟೆಲು, ಒಂದು ಊರ ಸಂಘ ಸೇರಿದರೆ ಆಗುವ ಮಾತು. ಮೊದಲ ಅಂದಾಜನ್ನೇ ಹಿಡಿದು ಹೊರಟಿದ್ದರೆ ಅದೇ ಐನೂರರಂತೆ ೪೮೦ ಮಂದಿಯ ಬಾಗಿಲು ತಟ್ಟಬೇಕಿತ್ತು. ಅಷ್ಟು ಮಾಡಿಯೂ ಫಿಸಿಯೋಥೆರಪಿಗೆ ಹಣವಿರುತ್ತಿರಲಿಲ್ಲ.

ಪ್ರಭಾದೇವಿಯ ಸಿದ್ಧಿವಿನಾಯಕ ದೇವಸ್ಥಾನದ ನ್ಯಾಸ, ಟಾಟಾ ನ್ಯಾಸಗಳು, ಮುಖ್ಯಮಂತ್ರಿಗಳ ಮತ್ತು ಪ್ರಧಾನಮಂತ್ರಿಗಳ ನಿಧಿಗಳು ವೈದ್ಯಕೀಯ ಸಹಾಯ ಕೊಡುತ್ತವೆ. ಎಲ್ಲರೂ ಕೇಳುವುದು ಆಸ್ಪತ್ರೆಯ ಮೊಹರಿನ ಅಂದಾಜು ಪತ್ರ. ಪ್ರಧಾನಮಂತ್ರಿಗಳ ನಿಧಿಯಿಂದ ಆಗಿಹೋದ ಖರ್ಚನ್ನು ತುಂಬಿಕೊಡುವುದಿಲ್ಲ. ಅರ್ಜಿ ಮೊದಲೇ ಹೋಗಬೇಕು.

ಇನ್ನು ವರ್ಗಣಿ. ನಮ್ಮ ಹಳ್ಳಿಗಳಲ್ಲಿ ಮದುವೆಗೆ ಮುಯ್ಯಿ ಹಾಕುವಾಗ ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾರು, ಎಷ್ಟು, ಎಲ್ಲವೂ ಬರಹದಲ್ಲಿ. ಹಿಂದಿರುಗಿಸಬೇಕೆಂಬ ಹೊರೆಯನ್ನು ಬಿಟ್ಟು ಆ ಪುಸ್ತಕವನ್ನು ಮಾತ್ರ ಇಲ್ಲಿಗೆ ತರಬೇಕು. ತಂದೆಯೇ ಹಣ ಕೂಡಿಸದೆ ಮೂವರು ಹೊಣೆ ಹೊತ್ತರೆ ಲೇಸು. ಅವರಲ್ಲಿ ಒಬ್ಬರು ಮನೆಯವರ ನೆಂಟರಲ್ಲದವರಿರಲಿ. ಅಂಕೆಯಿರುವ ರಶೀದಿ ಪುಸ್ತಕ ಬೇಕು. ಸಾಧ್ಯವಾದಷ್ಟು ಹಣ ನೇರವಾಗಿ ಆಸ್ಪತ್ರೆಯ ಖಾತೆಗೆ, ರೋಗಿಯ ನೋಂದಣಿ ಅಂಕೆಯೊಡನೆ ಹೋಗಲಿ. ನೆಂಟರಲ್ಲದವರಿಂದ ಒಬ್ಬನ ಸ್ವಂತ ಖಾತೆಗೆ ವರ್ಷದಲ್ಲಿ ೫೦,೦೦೦ ಮೀರಿ ಬಂದ ಉಡುಗೊರೆ ಹಣ ಆದಾಯ ತೆರಿಗೆಯ ಲೆಕ್ಕಕ್ಕೆ ಬರುವುದರಿಂದಲೂ ಇದು ಒಳ್ಳೆಯದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರು ಭಾರತದ ನಾಗರಿಕರಾಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅಡ್ಡಿಯಿಲ್ಲ. ವಿದೇಶಿ ನಾಗರಿಕರಿಂದ ಸಂಘಗಳು ಹಣ ಪಡೆಯಲು ಬೇರೆ ಪರವಾನಗಿ ಬೇಕು.

ವಾಟ್ಸಪ್ಪಿನ ಮನವಿಯ ಬಗ್ಗೆ ಒಂದು ಮಾತು. ಅದರಲ್ಲಿ ತಾರೀಕು ಇರಲೇಬೇಕು; 'ಈ ದಿನದ ನಂತರ ಕಳಿಸಬೇಡಿ' ಎಂಬ ಸಾಲೂ ಇರಬೇಕು. ಮಗು ಶಾಲೆಗೆ ಹೋಗುವ ವಯಸ್ಸಾದರೂ ಅದರ ಎಳೆಗೂಸಿನ ಚಿತ್ರ ಸುತ್ತುತ್ತಲೇ ಇರುತ್ತದೆ. ನಡುವೆ ಯಾರೋ ಹಣ ಕಳಿಸುವ ಚೌಕಗುರುತನ್ನು ಬದಲಿಸಿ ತಮ್ಮದನ್ನು ಅಂಟಿಸುತ್ತಾರೆ. ಸೋತ ಕೈಯ ಚಿತ್ರವನ್ನು ಹಾಕುವುದು ನಮಗೆ ಸರಿತೋರದು. ಆಸ್ಪತ್ರೆಯ ಪತ್ರವೇ ಸಾಕಷ್ಟು ಹೇಳುತ್ತದೆ. ದೊಡ್ಡವನಾದ ಮೇಲೆ ಆ ಚಿತ್ರವನ್ನು ಹೊರಬೇಕಾದವನು ಆ ಮಗುವೇ.

೨೦೨೧ರಲ್ಲಿ ಇದೇ ಮುಂಬಯಿಯ ಐದಾರು ತಿಂಗಳ ಕೂಸೊಂದಕ್ಕೆ ಜಾಲತಾಣದ ಮೂಲಕ ಸುಮಾರು ೧೬ ಕೋಟಿ ರೂಪಾಯಿ ಕೂಡಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಆ ಕಾಯಿಲೆ ಹುಟ್ಟಿನಿಂದ ಬಂದ ಸ್ನಾಯುಕ್ಷಯ, ಹೆರಿಗೆಯ ಪೆಟ್ಟಲ್ಲ. ಔಷಧ ವಿದೇಶದಿಂದ ಬರಬೇಕಿತ್ತು. ಆಮದು ಸುಂಕ ಮತ್ತು ತೆರಿಗೆ ಸುಮಾರು ಆರು ಕೋಟಿಯನ್ನು ಕೇಂದ್ರ ಸರಕಾರ ಮನ್ನಾ ಮಾಡಿತೆಂಬುದು ನಮಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ: ಅಷ್ಟು ದೊಡ್ಡ ವಂತಿಗೆಯಲ್ಲಿಯೂ ಅರ್ಜಿಯ ಪಾಲಿತ್ತು. ಜಾಲತಾಣಗಳನ್ನು ಬಳಸುವವರು ಅವು ಎಷ್ಟು ಕಮಿಷನ್ ಹಿಡಿಯುತ್ತವೆ, ಹಣವನ್ನು ಯಾರ ಕೈಗೆ ಕೊಡುತ್ತವೆ ಎಂದು ಮೊದಲು ಕೇಳಿಕೊಳ್ಳಲಿ.

ಗುರಿ ಮುಟ್ಟಿದ ದಿನ ಕೂಡಿಸುವುದನ್ನು ನಿಲ್ಲಿಸಿ ಲೆಕ್ಕವನ್ನು ಹಲಗೆಗೆ ಅಂಟಿಸಬೇಕು. ಉಳಿದ ಹಣ ಏನಾಗುವುದೆಂದು ಮನವಿಯಲ್ಲಿಯೇ ಬರೆದಿದ್ದರೆ ಆಮೇಲೆ ಮಾತಿಗೆ ಎಡೆಯಿಲ್ಲ. ಈ ಕಾಯಿಲೆಯಲ್ಲಿ ಉಳಿದದ್ದನ್ನು ಮುಂದಿನ ವರ್ಷಗಳಿಗೆ ತೆಗೆದಿಡುವುದು ಯುಕ್ತ. ಶಸ್ತ್ರಕ್ರಿಯೆಯಾದ ಮೂರು ವಾರ ಕೈ ಕಟ್ಟಿರುತ್ತದೆ. ಆಮೇಲೆ ಆರೆಂಟು ತಿಂಗಳು ಏನೂ ಕಾಣದೆ ಮನೆಯವರು ಎದೆಗುಂದುವುದುಂಟು. ನರ ಬೆಳೆಯುವ ವೇಗವನ್ನು ನೆನಪಿಸಿಕೊಂಡರೆ ಅದು ಸಹಜವೆಂದು ತಿಳಿಯುತ್ತದೆ. ಕೆಲವು ಮಕ್ಕಳಿಗೆ ಎರಡು ಮೂರನೆಯ ವರ್ಷದಲ್ಲಿ ಭುಜಕ್ಕೆ ಇನ್ನೊಂದು ಶಸ್ತ್ರಕ್ರಿಯೆ ಬೇಕಾಗುತ್ತದೆ. ವ್ಯಾಯಾಮಕ್ಕೆ, ಕೈಪಟ್ಟಿಗೆ ಹಾಜಿ ಅಲಿಯ ಬಳಿ ೧೯೫೫ರಿಂದ ಕೇಂದ್ರ ಸರಕಾರದ ಅಖಿಲ ಭಾರತ ಪುನರ್ವಸತಿ ಸಂಸ್ಥೆಯಿದೆ; ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದು ಹೋಗಬಹುದು. ಹಳೆಯ ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿ, ತಾರೀಕಿನ ಕ್ರಮದಲ್ಲಿ ಒಯ್ಯಬೇಕು.

ಮೇಲೆ ಹೇಳಿದ ಅರ್ಜಿಗಳಲ್ಲಿ ಬಹಳಷ್ಟು ಮರಾಠಿಯಲ್ಲಿರುತ್ತವೆ. ಓದಿ ತುಂಬಲು ತೊಡಕಾಗುವವರು ರವಿವಾರ ಬೆಳಿಗ್ಗೆ ಕಾಗದಗಳೊಡನೆ ವಾಚನಾಲಯಕ್ಕೆ ಬಂದರೆ ಬಲ್ಲವರು ಕೂತು ತುಂಬಿಕೊಡುತ್ತಾರೆ. ಮಗುವಿನ ಹೆಸರನ್ನಾಗಲಿ ಮನೆಯ ವಿಷಯವನ್ನಾಗಲಿ ಇತರರಿಗೆ ತಿಳಿಸುವುದಿಲ್ಲ.